ಸಂಜೆ ಏಳರಿಂದ ಒಂಬತ್ತರೊಳಗೆ 41 ಮಾತು

ಮಗಳಿಗೆ ಆಗ 14 ವರ್ಷ. ಒಂದು ಮಧ್ಯಾಹ್ನ ಅವಳ ಕ್ಲಾಸ್ ಟೀಚರ್ ಫೋನ್ ಮಾಡಿದರು. ಮಾರ್ಕ್ಸ್ ವಿಷಯ ಇರಬೇಕು ಅಂದುಕೊಂಡು ಏನು ಉತ್ತರ ಕೊಡೋದು ಅಂತ ಆಗಲೇ ಜೋಡಿಸಿಕೊಳ್ಳುತ್ತಿದ್ದೆ. ಅವರು ಹೇಳಿದ್ದು ಬೇರೆ. "ಮೂರು ವಾರದಿಂದ ನಿಮ್ಮ ಮಗಳು ಊಟದ ಬಿಡುವಿನಲ್ಲಿ ಒಬ್ಬಳೇ ಲೈಬ್ರರಿಗೆ ಹೋಗಿ ಕೂರ್ತಾಳೆ. ಮುಂದೆ ಪುಸ್ತಕ ಇರುತ್ತೆ, ಪುಟ ಮಾತ್ರ ತಿರುಗಲ್ಲ. ಮನೇಲಿ ಹೇಗಿದ್ದಾಳೆ?"

ಮನೇಲಿ ಹೇಗಿದ್ದಾಳೆ ಅಂದರೆ ಏನು ಹೇಳಲಿ? ಸ್ಕೂಲಿಂದ ಬಂದವಳೇ ರೂಮಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆ. ಊಟಕ್ಕೆ ಮೂರು ಸಲ ಕರೆಯಬೇಕು. ಬೆಳಗ್ಗೆ ಎಬ್ಬಿಸೋದು ಒಂದು ಯುದ್ಧ. ಏನು ಕೇಳಿದರೂ "ಏನಿಲ್ಲ". ಇದಕ್ಕೆಲ್ಲ ನಾನು ಒಂದೇ ಹೆಸರು ಇಟ್ಟುಕೊಂಡಿದ್ದೆ, ಹಟ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ದಿನಕ್ಕೊಂದು ಸಲ ಹೆಂಡತಿ ಮುಂದೆ ಹೇಳ್ತಾನೂ ಇದ್ದೆ. ಟೀಚರ್ ಫೋನ್ ಮಾಡಿದ ವಿಷಯ ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು, "ರೀ, ಇದು ಹಟ ಅಲ್ಲ. ಹಟ ಮಾಡೋ ಮಕ್ಕಳಿಗೆ ಎದುರಿಗೆ ಯಾರಾದ್ರೂ ಬೇಕು. ಇವಳು ಒಬ್ಬಳೇ ಕೂತಿದಾಳೆ."

ಮೊದಲು ಹೋಗಿದ್ದು ಮಕ್ಕಳ ಡಾಕ್ಟರ್ ಹತ್ತಿರ. ರಕ್ತಹೀನತೆ ಇದ್ದರೂ, ಥೈರಾಯ್ಡ್ ಏರುಪೇರಾದರೂ ಮಕ್ಕಳು ಹೀಗೇ ಮಂಕಾಗುತ್ತಾರೆ, ಅದನ್ನು ನೋಡದೆ ಮನಸ್ಸಿನ ಲೆಕ್ಕಕ್ಕೆ ಹಾಕಬಾರದು ಅಂತ ಅವರು ರಕ್ತ ಪರೀಕ್ಷೆ ಬರೆದರು. ಎಲ್ಲ ಸರಿಯಾಗಿತ್ತು. ಎರಡನೇ ಸಲ ಹೋದಾಗ ನಮ್ಮಿಬ್ಬರನ್ನೂ ಹೊರಗೆ ಕೂರಲು ಹೇಳಿದರು. ನನಗೆ ಒಂಥರಾ ಅವಮಾನವಾಯಿತು, ನಿಜ ಹೇಳಬೇಕೆಂದರೆ. ನಾನು ಅಪ್ಪ, ನನ್ನನ್ನೇ ಹೊರಗೆ ಕಳಿಸೋದಾ? ಆದರೆ ಕಳಿಸುವ ಮುಂಚೆ ಅವಳ ಎದುರಿಗೇ ಒಂದು ನಿಯಮ ಹೇಳಿದರು. "ಅವಳು ಹೇಳೋದನ್ನ ನಾನು ನಿಮಗೆ ಹೇಳಲ್ಲ. ಅವಳ ಪ್ರಾಣಕ್ಕೋ ಇನ್ನೊಬ್ಬರ ಪ್ರಾಣಕ್ಕೋ ಅಪಾಯ ಇದ್ರೆ, ಯಾರಾದ್ರೂ ಅವಳಿಗೆ ಹಿಂಸೆ ಕೊಡ್ತಿದ್ರೆ ಮಾತ್ರ ಹೇಳ್ತೀನಿ. ಆಗಲೂ ಮೊದಲು ಅವಳಿಗೆ ತಿಳಿಸಿ ಆಮೇಲೆ." ಮಗಳು ತಲೆ ಎತ್ತಿ ಅವರನ್ನು ನೋಡಿದಳು. ಎಷ್ಟೋ ದಿನದ ಮೇಲೆ ಅವಳು ಒಬ್ಬರ ಮುಖವನ್ನು ನೇರವಾಗಿ ನೋಡಿದ್ದು ನಾನು ಕಂಡಿದ್ದೇ ಆಗ.

ಒಳಗೆ ಏನು ಕೇಳುತ್ತಾರೆ ಅಂತ ಆಮೇಲೆ ನಮಗೂ ವಿವರಿಸಿದರು. ಹದಿಹರೆಯದವರ ಜೊತೆ ಮಾತಾಡೋಕೆ ಡಾಕ್ಟರುಗಳಿಗೆ ಒಂದು ಕ್ರಮ ಇದೆಯಂತೆ. ಮೊದಲು ಮನೆ, ಆಮೇಲೆ ಓದು, ಬಿಡುವಲ್ಲಿ ಏನು ಮಾಡ್ತೀಯ, ಸಿಗರೇಟು ಕುಡಿತ ಇತ್ಯಾದಿ, ಲೈಂಗಿಕ ವಿಷಯ, ಕೊನೆಗೆ ಮನಸ್ಸು ಮತ್ತು ಸಾಯುವ ಯೋಚನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಕೊನೆಯದನ್ನು ಕೇಳಿ ನನ್ನ ಹೆಂಡತಿ ಬೆಚ್ಚಿದಳು. "ಇಲ್ಲದ್ದನ್ನ ತಲೆಗೆ ತುಂಬಿದ ಹಾಗೆ ಆಗಲ್ವಾ ಡಾಕ್ಟ್ರೇ?" ಆಗಲ್ಲ ಅಂದರು. ನೇರವಾಗಿ ಕೇಳಿದರೆ ಯೋಚನೆ ಹುಟ್ಟಲ್ಲ, ಇದ್ದರೆ ಹೇಳಿಕೊಳ್ಳೋಕೆ ದಾರಿ ಆಗುತ್ತೆ. ಇವಳಿಗೆ ಅಂಥ ಯೋಚನೆ ಇಲ್ಲ, ಅದನ್ನು ನಿಮಗೆ ಹೇಳಬಹುದು ಅಂತ ಅವಳೇ ಒಪ್ಪಿದಾಳೆ ಅಂದರು. ಆ ಒಂದು ಮಾತಿಗೆ ನಾವಿಬ್ಬರೂ ಎಷ್ಟು ಕಾದಿದ್ದೆವು ಅಂತ ಅದು ಕಿವಿಗೆ ಬಿದ್ದ ಮೇಲೇ ಗೊತ್ತಾಗಿದ್ದು.

ಅಲ್ಲಿಂದ ಆಪ್ತಸಮಾಲೋಚಕಿಯ ಹತ್ತಿರ ಕಳಿಸಿದರು. ನಾನು ಇನ್ನೂ ಹಿಂದೆಮುಂದೆ ನೋಡುತ್ತಿದ್ದೆ, ಅದು ದೊಡ್ಡ ಕಾಯಿಲೆ ಇರೋರಿಗೆ ಅಲ್ವಾ ಅಂತ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10ರಿಂದ 19 ವರ್ಷದವರಲ್ಲಿ ಏಳು ಜನರಿಗೆ ಒಬ್ಬರಿಗೆ ಮಾನಸಿಕ ಆರೋಗ್ಯದ ತೊಂದರೆ ಇರುತ್ತೆ. ಮಗಳ ತರಗತಿಯಲ್ಲಿ 42 ಮಕ್ಕಳು. ಹಾಗಾದರೆ ಆರು ಜನ. ಆರು ಮನೆ. ಆ ಲೆಕ್ಕ ಹಾಕಿದ ಮೇಲೆ ಸುಮ್ಮನೆ ಹೋದೆ.

ಮೊದಲ ಭೇಟಿಗೆ ನಾಲ್ಕೂ ಜನ ಬರಬೇಕು ಅಂದಿದ್ದರು. ಎಂಟು ವರ್ಷದ ಮಗನೂ. ಇವನಿಗೇನಾಗಿದೆ, ಇವನ್ಯಾಕೆ ಅಂತ ನಾನು. ಮೇಡಂ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದರು: ಮನೆಯಲ್ಲಿ ಒಂದೇ ಒಂದು ವಿಷಯ ಬದಲಾಗಬೇಕು ಅಂದರೆ ಯಾವುದು? ನಾನು "ಇವಳು ಮೊದಲಿನ ಹಾಗೆ ಆಗಬೇಕು" ಅಂದೆ. ಹೆಂಡತಿ "ಎಲ್ಲರೂ ಮಾತಾಡಬೇಕು" ಅಂದಳು. ಮಗಳು ಭುಜ ಕುಣಿಸಿದಳು. ಮಗ ಮಾತ್ರ ಥಟ್ಟನೆ, "ಅಪ್ಪ ಬಂದ ಮೇಲೂ ಟಿವಿ ಆನ್ ಇರಬೇಕು" ಅಂದ. ನಾವೆಲ್ಲ ನಕ್ಕೆವು. ಮೇಡಂ ನಗಲಿಲ್ಲ, ಬರೆದುಕೊಂಡರು.

ಹೊರಡುವಾಗ ಕೆಲಸ ಕೊಟ್ಟಿದ್ದು ಮಗಳಿಗಲ್ಲ, ನನಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಅನ್ನಿಸಿತು. ಕೆಲಸ ಇಷ್ಟೇ: ಒಂದು ಸಂಜೆ, ಏಳರಿಂದ ಒಂಬತ್ತರವರೆಗೆ, ಮಗಳಿಗೆ ನಾನು ಆಡುವ ಒಂದೊಂದು ಮಾತನ್ನೂ ಬರೆದಿಡಬೇಕು. ಬದಲಾಯಿಸೋದು ಬೇಡ, ಬರೆಯೋದಷ್ಟೇ.

ಮಗನ ಹಳೇ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆದೆ. ಒಟ್ಟು 41 ಮಾತು. ಮಾರನೇ ದಿನ ಕೂತು ವಿಂಗಡಿಸಿದೆ. ಮಾಡು, ಬಿಡು, ಇಡು, ಬಾ, ಹೋಗು ಅನ್ನೋ ಥರದವು 22. "ಮುಗೀತಾ?" "ಎಲ್ಲಿಟ್ಟೆ?" "ಎಷ್ಟೊತ್ತು ಇನ್ನೂ?" ಈ ಥರದ ಪ್ರಶ್ನೆಗಳು 13. ಕೊಂಕು 4, ಅದರಲ್ಲಿ ಎರಡು ಬೇರೆ ಮಕ್ಕಳ ಜೊತೆ ಹೋಲಿಕೆ. ಉಳಿದವು ಎರಡು. ಒಂದು "ಹೂಂ". ಇನ್ನೊಂದು "ಗುಡ್ ನೈಟ್". ಗುಡ್ ನೈಟ್ ಹೇಳಿದ್ದು ಮುಚ್ಚಿದ ಬಾಗಿಲಿಗೆ.

ಆ ಹಾಳೆ ನೋಡುತ್ತಾ ತುಂಬ ಹೊತ್ತು ಕೂತಿದ್ದೆ. ಆಫೀಸಿನಲ್ಲಿ ಯಾರಾದರೂ ಎರಡು ಗಂಟೆಯಲ್ಲಿ ನನಗೆ 22 ಸಲ ಅಪ್ಪಣೆ ಕೊಟ್ಟಿದ್ದರೆ ನಾನೂ ಎಲ್ಲಾದರೂ ಚಿಲಕ ಹಾಕಿಕೊಳ್ಳುತ್ತಿದ್ದೆನೇನೋ.

ಎರಡನೇ ಭೇಟಿಯಲ್ಲಿ ಅದನ್ನು ತೋರಿಸಿ, ಸ್ವಲ್ಪ ಸಿಟ್ಟಿನಲ್ಲೇ ಕೇಳಿದೆ, "ಹಾಗಾದ್ರೆ ಏನೂ ಹೇಳೋದೇ ಬೇಡ್ವಾ ಮೇಡಂ? ತಲೆ ಮೇಲೆ ಕೂರಿಸ್ಕೊಳ್ಳೋದಾ?" ಅವರು ಬೋರ್ಡಿನ ಮೇಲೆ ಎರಡು ಗೆರೆ ಎಳೆದರು, ಒಂದು ಅಡ್ಡ, ಒಂದು ಉದ್ದ. ಒಂದು ಗೆರೆ ಪ್ರೀತಿ, ಇನ್ನೊಂದು ಶಿಸ್ತು. 1960ರ ದಶಕದಲ್ಲಿ ಡಯಾನಾ ಬೌಮ್ರಿಂಡ್ ಅನ್ನೋ ಮನಶ್ಶಾಸ್ತ್ರಜ್ಞೆ ಅಪ್ಪ ಅಮ್ಮಂದಿರ ರೀತಿಗಳನ್ನು ವಿಂಗಡಿಸಿದ್ದರು, ಇದು ಅಲ್ಲಿಂದ ಬೆಳೆದ ಚಿತ್ರ. ನಾನು ಅಂದುಕೊಂಡಿದ್ದು ಒಂದೇ ಗೆರೆ ಅಂತ. ಒಂದು ತುದಿಯಲ್ಲಿ ಶಿಸ್ತು, ಇನ್ನೊಂದು ತುದಿಯಲ್ಲಿ ಸಲಿಗೆ, ಒಂದು ಜಾಸ್ತಿ ಆದರೆ ಇನ್ನೊಂದು ಕಮ್ಮಿ. ಎರಡೂ ಒಟ್ಟಿಗೇ ಜಾಸ್ತಿ ಇರಬಹುದು ಅನ್ನೋದು ನನ್ನ ತಲೆಗೇ ಹೊಳೆದಿರಲಿಲ್ಲ. ಶಿಸ್ತಿನ ಗೆರೆಯಲ್ಲಿ ನಾನೆಲ್ಲಿದ್ದೇನೆ ಅಂತ ಚುಕ್ಕಿ ಇಡಲು ಹೇಳಿದರು. ಧೈರ್ಯವಾಗಿ ತುದಿಯಲ್ಲಿಟ್ಟೆ. "ಟಿವಿ ವಿಷಯ ಹೇಳಿ ನೋಡೋಣ" ಅಂದರು.

ಟಿವಿ ವಿಷಯ ಹೀಗೆ. ನಾನು ಮಗನಿಗೆ ಆರಿಸು ಅಂತೀನಿ. ಅವನು ಆರಿಸಲ್ಲ. ಇನ್ನೊಂದು ಸಲ ಹೇಳ್ತೀನಿ. ಐದು ನಿಮಿಷ ಅಂತಾನೆ. ಕೂಗ್ತೀನಿ. ಅವನು ನನಗಿಂತ ಜೋರಾಗಿ ಕೂಗಿ ರಿಮೋಟ್ ಬಿಸಾಡ್ತಾನೆ. ಸಾಕಾಗಿ ಬಂದಿರುತ್ತೆ, ನೋಡ್ಕೊಂಡು ಸಾಯಿ ಅಂತ ಒಳಗೆ ಹೋಗ್ತೀನಿ. ಈ ಸುತ್ತನ್ನು ಜೆರಾಲ್ಡ್ ಪ್ಯಾಟರ್ಸನ್ ಅನ್ನೋರು ಅಮೆರಿಕದ ಆರೆಗಾನ್‌ನಲ್ಲಿ ವರ್ಷಗಟ್ಟಲೆ ಮನೆಗಳಿಗೇ ಹೋಗಿ ಕೂತು ಗಮನಿಸಿ ಬರೆದಿಟ್ಟಿದ್ದಾರಂತೆ. ಮಗು ಕಲಿಯೋದು ಏನು? ಜೋರಾಗಿ ಕೂಗಿದರೆ ಅಪ್ಪ ಬಿಡ್ತಾನೆ ಅಂತ. ಅಪ್ಪ ಕಲಿಯೋದು? ಬಿಟ್ಟರೆ ಗಲಾಟೆ ನಿಲ್ಲುತ್ತೆ ಅಂತ. ಇಬ್ಬರಿಗೂ ಆ ಕ್ಷಣಕ್ಕೆ ಲಾಭ. ಹಾಗಾಗಿ ಮಾರನೇ ದಿನ ಇಬ್ಬರೂ ಇನ್ನೊಂದು ಮೆಟ್ಟಿಲು ಮೇಲಿಂದ ಶುರು ಮಾಡ್ತಾರೆ. ನನ್ನ ಚುಕ್ಕಿಯನ್ನು ನಾನೇ ಅಳಿಸಿ ಸಾಕಷ್ಟು ಕೆಳಗೆ ಇಟ್ಟೆ. ಶಿಸ್ತು ಅಂತ ನಾನು ಕರೆಯುತ್ತಿದ್ದುದು ಬರೀ ಸದ್ದು.

ಹೇಳೋದಿದ್ದರೆ ಹತ್ತಿರ ಹೋಗಿ, ಹೆಸರು ಹಿಡಿದು, ಒಂದೇ ಸಲ, ಸಣ್ಣ ದನಿಯಲ್ಲಿ ಹೇಳಿ, ಅಲ್ಲೇ ನಿಂತಿರಿ ಅಂದರು. ನಿಂತು ಮಾಡಿಸೋಕೆ ನಿಮ್ಮಿಂದ ಆಗದ್ದನ್ನ ಹೇಳಲೇಬೇಡಿ. ಮೊದಲ ವಾರ ಮಗ ಮೊದಲಿಗಿಂತ ಜಾಸ್ತಿ ಕೂಗಿದ, ಅದನ್ನೂ ಅವರು ಮುಂಚೆಯೇ ಹೇಳಿದ್ದರು. ಎರಡನೇ ವಾರದ ಹೊತ್ತಿಗೆ ನಾನು ಪಕ್ಕದಲ್ಲಿ ಹೋಗಿ ನಿಂತರೇ ಸಾಕು, ಗೊಣಗಿಕೊಂಡು ಆರಿಸುತ್ತಿದ್ದ.

ಮಗಳ ವಿಷಯ ಇಷ್ಟು ಸಲೀಸಾಗಲಿಲ್ಲ.

ಮೊದಲು ನಿದ್ದೆ ಹಿಡಿದರು. ಅವಳೇ ಎರಡು ವಾರ ಮಲಗೋ ಹೊತ್ತು ಏಳೋ ಹೊತ್ತು ಬರೆದಳು. ನಿದ್ದೆ ಹತ್ತೋದು ಸರಾಸರಿ 12:20ಕ್ಕೆ, ನಾನು ಎಬ್ಬಿಸೋದು ಆರಕ್ಕೆ. ಐದು ಗಂಟೆ 40 ನಿಮಿಷ. ರಜೆ ದಿನ ಬೆಳಗ್ಗೆ 11ರವರೆಗೂ ಮಲಗೋಳು, ನಾನು ಸೋಮಾರಿ ಅನ್ನೋನು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ರಾ ತಜ್ಞರ ಶಿಫಾರಸು. ಈ ವಯಸ್ಸಿನಲ್ಲಿ ನಿದ್ದೆ ತರಿಸೋ ಮೆಲಟೋನಿನ್ ಹಾರ್ಮೋನ್ ರಾತ್ರಿ ತಡವಾಗಿ ಏರುತ್ತೆ, ಮೈಯೊಳಗಿನ ಗಡಿಯಾರವೇ ಹೆಚ್ಚೆಂದರೆ ಎರಡು ತಾಸಿನಷ್ಟು ತಡವಾಗಿ ಓಡುತ್ತೆ. ಒಂಬತ್ತಕ್ಕೆ ಮಲಗು ಅಂದರೆ ಅವಳಿಗೆ ಆಗಲ್ಲ, ಬೇಕಂತ ಮಾಡ್ತಿರೋದಲ್ಲ. ಹದಿಹರೆಯದವರ ಶಾಲೆ ಬೆಳಗ್ಗೆ 8:30ಕ್ಕಿಂತ ಮುಂಚೆ ಶುರುವಾಗಬಾರದು ಅಂತ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2014ರಲ್ಲೇ ಹೇಳಿದ್ದು ಇದಕ್ಕೇ. ಶಾಲೆಯ ಟೈಮ್ ನಮ್ಮ ಕೈಲಿಲ್ಲ. ನಮ್ಮ ಕೈಲಿದ್ದಿದ್ದು ಮೂರು: ರಜೆ ದಿನವೂ ಎಂಟರ ಹೊತ್ತಿಗೆ ಏಳೋದು, ಎದ್ದ ಕೂಡಲೇ ಬಿಸಿಲಿಗೆ ಬರೋದು, ರಾತ್ರಿ ಫೋನ್ ರೂಮಿನಿಂದ ಹೊರಗೆ. "ಎಲ್ಲರ ಫೋನೂ" ಅಂದಳು ಮಗಳು. ನಾನು ಹೆಂಡತಿ ಮುಖ ನೋಡಿದೆ. ನಾನು ಮಲಗೋ ಮುಂಚೆ ಫೋನ್ ನೋಡೋ ಚಟದವನು. ಒಪ್ಪಿಕೊಳ್ಳದೆ ದಾರಿ ಇರಲಿಲ್ಲ. ಈಗ ನಾಲ್ಕು ಚಾರ್ಜರ್ ಹಜಾರದ ಮೂಲೆಯಲ್ಲಿವೆ, ಒಂದು ತಿಂಗಳು ನನಗೇ ನಿದ್ದೆ ಬರಲಿಲ್ಲ.

ಆಮೇಲೆ ದಿನಕ್ಕೆ 15 ನಿಮಿಷ. ಅವಳು ಆರಿಸಿದ್ದನ್ನು ಅವಳ ಜೊತೆ ಮಾಡಬೇಕು. ಅಪ್ಪಣೆ ಇಲ್ಲ, ಪ್ರಶ್ನೆ ಇಲ್ಲ, ತಿದ್ದೋದು ಇಲ್ಲ. ಹಾಗಾದ್ರೆ ಏನು ಮಾತಾಡೋದು ಅಂತ ಕೇಳಿದೆ. ಮಾತಾಡಲೇಬೇಕು ಅಂತ ಯಾರು ಹೇಳಿದ್ದು ಅಂದರು ಮೇಡಂ.

ಅವಳು ಅಟ್ಟದಿಂದ ಇಳಿಸಿದ್ದು 1000 ತುಂಡಿನ ಜಿಗ್‌ಸಾ ಪಜಲ್, ಯಾವಾಗಲೋ ಯಾರೋ ಉಡುಗೊರೆ ಕೊಟ್ಟಿದ್ದು, ಪ್ಲಾಸ್ಟಿಕ್ ಕವರೂ ಬಿಚ್ಚಿರಲಿಲ್ಲ. ನೆಲದ ಮೇಲೆ ಸುರಿದಳು. ನಾನು ಕೂತು ಅರ್ಧ ನಿಮಿಷವೂ ಆಗಿರಲಿಲ್ಲ, "ಮೊದಲು ಅಂಚಿನ ತುಂಡು ಹುಡುಕಬೇಕು ಮಗಳೇ, ಆಮೇಲೆ..." ಅಂತ ಬಾಯಿಂದ ಬಂದೇಬಿಟ್ಟಿತು. ಅವಳ ಕೈ ಅಲ್ಲೇ ನಿಂತಿತು. ತುಂಡನ್ನು ಹಿಡಿದ ಎರಡು ಬೆರಳು ಬಿಳಿಚಿದ್ದವು. ನಾನು ಬಾಯಿ ಮುಚ್ಚಿದೆ. ಸ್ವಲ್ಪ ಹೊತ್ತಾದ ಮೇಲೆ ಕೈ ಮತ್ತೆ ಓಡಾಡತೊಡಗಿತು. ಅವಳು ಶುರು ಮಾಡಿದ್ದು ನಟ್ಟನಡುವೆ ಇದ್ದ ಒಂದು ಕೆಂಪು ಬಾಗಿಲಿನಿಂದ. ಅಂಚಿನ ಕಡೆ ತಿರುಗಿಯೂ ನೋಡಲಿಲ್ಲ. ಆ 15 ನಿಮಿಷ ನಾನು ಜೋಡಿಸಿದ್ದು ಎರಡು ತುಂಡು, ಎರಡೂ ತಪ್ಪು ಜಾಗದಲ್ಲಿ. ಅವಳು ಏನೂ ಹೇಳದೆ ತೆಗೆದು ಪಕ್ಕಕ್ಕಿಟ್ಟಳು, ನನ್ನನ್ನು ತಿದ್ದದೆ.

11ನೇ ದಿನವೋ 12ನೇ ದಿನವೋ, ತಲೆ ಎತ್ತದೆ ಹೇಳಿದಳು. ಜೊತೆಗಿದ್ದ ಐದು ಹುಡುಗಿಯರು ಅವಳನ್ನು ದೂರ ಇಟ್ಟಿದ್ದರು. ಇವಳನ್ನು ಬಿಟ್ಟು ಫೋನಿನಲ್ಲಿ ಹೊಸ ಗ್ರೂಪ್ ಮಾಡಿಕೊಂಡು ಹಳೆಯದರಲ್ಲಿ ಯಾರೂ ಏನೂ ಬರೆಯುತ್ತಿರಲಿಲ್ಲ. ಯಾಕೆ ಅಂತ ಇವತ್ತಿಗೂ ಅವಳಿಗೆ ಗೊತ್ತಿಲ್ಲ. "ಊಟಕ್ಕೆ ಎಲ್ಲಿ ಕೂರೋದು ಅಂತಾನೇ ಗೊತ್ತಾಗ್ತಿರ್ಲಿಲ್ಲ ಅಪ್ಪ, ಅದಕ್ಕೇ ಲೈಬ್ರರಿ." ನನ್ನ ನಾಲಿಗೆ ಮೇಲೆ ಆರೇಳು ಸಲಹೆ ಬಂದು ನಿಂತಿದ್ದವು. ಬೇರೆ ಫ್ರೆಂಡ್ಸ್ ಮಾಡ್ಕೋ, ತಲೆ ಕೆಡಿಸ್ಕೋಬೇಡ, ನಾನು ಅವರಪ್ಪನ ಹತ್ತಿರ ಮಾತಾಡ್ಲಾ. ನುಂಗಿದೆ. "ಮೂರು ವಾರ ಒಬ್ಬಳೇ ಕೂತಿದ್ದೆ" ಅಂತಷ್ಟೇ ಅಂದೆ. ಅವಳು ಅತ್ತಳು. ಜಾಸ್ತಿ ಅಲ್ಲ. ಒಂದು ನೀಲಿ ತುಂಡನ್ನು ತಿರುಗಿಸ್ತಾ ತಿರುಗಿಸ್ತಾ ಅತ್ತಳು.

ಇಲ್ಲಿಗೆ ಎಲ್ಲ ಸರಿಹೋಯಿತು ಅಂದರೆ ಸುಳ್ಳಾಗುತ್ತೆ. ಯಾಕೆಂದರೆ ಅದಾದ ನಾಲ್ಕೇ ದಿನಕ್ಕೆ ನಾನು ಹಜಾರದಲ್ಲಿ ಚಾರ್ಜಿಗಿಟ್ಟಿದ್ದ ಅವಳ ಫೋನ್ ತೆಗೆದು ನೋಡಿದೆ. ಆ ಹುಡುಗಿಯರು ಇನ್ನೇನು ಬರೆದಿದ್ದಾರೋ ಅಂತ ಆತಂಕ. ಪಾಸ್‌ವರ್ಡ್ ತಮ್ಮನ ಹುಟ್ಟಿದ ದಿನ ಅಂತ ಗೊತ್ತಿತ್ತು. ಹಿಂದೆ ತಿರುಗಿದರೆ ಅವಳು ನೀರು ಕುಡಿಯಲು ಬಂದು ನಿಂತಿದ್ದಾಳೆ. ಕೂಗಲಿಲ್ಲ. ಫೋನ್ ಕೈಯಿಂದ ತೆಗೆದುಕೊಂಡು ಹೋದಳು. ಚಿಲಕದ ಸದ್ದು. ಮಾರನೇ ದಿನದಿಂದ ಮತ್ತೆ "ಏನಿಲ್ಲ". ಪಜಲ್ ಅರ್ಧಕ್ಕೆ ನಿಂತು ಧೂಳು ಹಿಡಿಯಿತು. ಅದನ್ನು ದಾಟಿಕೊಂಡೇ ನಾವೆಲ್ಲ ಓಡಾಡುತ್ತಿದ್ದೆವು, ಎತ್ತಿಡೋ ಧೈರ್ಯ ಯಾರಿಗೂ ಬರಲಿಲ್ಲ.

ಮೇಡಂ ಹತ್ತಿರ ಒಬ್ಬನೇ ಹೋದೆ. ಬೈತಾರೆ ಅಂದುಕೊಂಡಿದ್ದೆ. ಅವರು 1970ರ ದಶಕದ ಒಂದು ಪ್ರಯೋಗದ ಕಥೆ ಹೇಳಿದರು. ಎಡ್ವರ್ಡ್ ಟ್ರಾನಿಕ್ ಅನ್ನೋರು ಮಾಡಿದ್ದು. ಅಮ್ಮ ಪುಟ್ಟ ಕೂಸಿನ ಜೊತೆ ಆಡುತ್ತಾ ಆಡುತ್ತಾ ಇದ್ದಕ್ಕಿದ್ದ ಹಾಗೆ ಮುಖದಲ್ಲಿ ಭಾವನೆಯೇ ಇಲ್ಲದಂತೆ ಕೂರಬೇಕು. ಕೂಸು ನಗುತ್ತೆ, ಕೈ ಚಾಚುತ್ತೆ, ಏನು ಮಾಡಿದರೂ ಅಮ್ಮ ಸ್ಪಂದಿಸದೆ ಹೋದಾಗ ಮುಖ ತಿರುಗಿಸಿ ಅಳುತ್ತೆ. ಇಷ್ಟು ನನಗೂ ಎಲ್ಲೋ ಕೇಳಿದ ನೆನಪು. ಗೊತ್ತಿಲ್ಲದಿದ್ದ ಭಾಗ ಆಮೇಲಿನದು. ಚೆನ್ನಾಗಿರೋ ಅಮ್ಮ ಮಕ್ಕಳ ನಡುವೆಯೂ ತಾಳ ಕೂಡೋದು ಸುಮಾರು ಮೂರನೇ ಒಂದು ಭಾಗ ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಪ್ಪುತ್ತಾ ಇರುತ್ತೆ, ಮತ್ತೆ ಸರಿ ಮಾಡಿಕೊಳ್ಳುತ್ತಾ ಇರುತ್ತಾರೆ. "ನೀವು ತಪ್ಪು ಮಾಡಿದ್ದು ದೊಡ್ಡ ವಿಷಯ ಅಲ್ಲ. ಎಂಟು ದಿನ ಆಯ್ತು, ಹೋಗಿ ಸರಿ ಮಾಡಿಲ್ಲ ನೋಡಿ, ಅದು" ಅಂದರು.

ಕ್ಷಮೆ ಕೇಳೋದು ಹೇಗೆ ಅಂತ ಅಭ್ಯಾಸ ಮಾಡಿಸಿದರು. ನಗಬೇಡಿ, ನನಗೆ ನಿಜವಾಗಲೂ ಬರುತ್ತಿರಲಿಲ್ಲ. ನನ್ನ ಮೊದಲ ಪ್ರಯತ್ನ, "ತಪ್ಪಾಯ್ತು, ಆದ್ರೆ ನಿನ್ನ ಒಳ್ಳೇದಕ್ಕೇ..." ಮೇಡಂ ಕೈ ಎತ್ತಿದರು. ಆದ್ರೆ ತೆಗೀರಿ. ಎರಡನೆಯದು, "ನಿನಗೆ ಬೇಜಾರಾಗಿದ್ರೆ..." ಅಂದ್ರೆ ಆಗಿದೆಯೋ ಇಲ್ಲವೋ ಅಂತ ಅನುಮಾನವಾ? ಅದನ್ನೂ ತೆಗೀರಿ. ಕೊನೆಗೆ ಉಳಿದದ್ದು ಮೂರು ವಾಕ್ಯ. ಅವತ್ತು ರಾತ್ರಿ ಅವಳ ಬಾಗಿಲ ಹೊರಗೆ ನೆಲದ ಮೇಲೆ ಕೂತು ಹೇಳಿದೆ. "ನಿನ್ನ ಫೋನ್ ನಾನು ಕೇಳದೆ ನೋಡಿದೆ. ಅದು ತಪ್ಪು. ಇನ್ನು ಭಯ ಆದ್ರೆ ನಿನ್ನನ್ನೇ ಕೇಳ್ತೀನಿ." ಒಳಗಿಂದ ಸದ್ದಿಲ್ಲ. ಹತ್ತು ನಿಮಿಷ ಕೂತು ಕಾಲು ಜೋಮು ಹಿಡಿದು ಎದ್ದು ಹೋದೆ. ಬೆಳಗ್ಗೆ ನೋಡಿದರೆ ಪಜಲ್ಲಿನಲ್ಲಿ ಕೆಂಪು ಬಾಗಿಲಿನ ಪಕ್ಕ ಒಂದು ಕಿಟಕಿ ಸೇರಿಕೊಂಡಿತ್ತು.

ಫೋನಿಗೆ ಒಂದು ಒಪ್ಪಂದ ಬರೆದುಕೊಂಡಿದ್ದು ಅದಾದ ಮೇಲೆ, ಮೇಡಂ ಎದುರಿಗೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ 12ನೇ ವಿಧಿ ಮಗುವಿನ ಮಾತಿಗೆ ಅದರ ವಯಸ್ಸಿಗೆ ತಕ್ಕ ತೂಕ ಕೊಡಬೇಕು ಅನ್ನುತ್ತೆ, 16ನೆಯದು ಖಾಸಗಿತನದ್ದು, ಪತ್ರ ವ್ಯವಹಾರವೂ ಅದರಲ್ಲಿ ಬರುತ್ತೆ ಅಂತ ಅವರು ಹೇಳಿದಾಗ ಮಗಳು ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳಬೇಕಾದವನು ನಾನೇ. ಒಪ್ಪಂದ ಒಂದು ಪುಟ. ಗುರುತಿಲ್ಲದ ದೊಡ್ಡವರು ಯಾರಾದರೂ ಮೆಸೇಜ್ ಮಾಡಿದರೆ, ಯಾರಾದರೂ ಫೋಟೊ ಕೇಳಿದರೆ, ಹೆದರಿಸಿದರೆ ಅವಳು ಹೇಳಬೇಕು, ಹೇಳಿದ್ದಕ್ಕೆ ಫೋನ್ ಕಿತ್ತುಕೊಳ್ಳಬಾರದು. ಈ ಎರಡನೇ ಭಾಗ ಸೇರಿಸಿದ್ದು ಅವಳು. ಕಿತ್ತುಕೊಳ್ತಾರೆ ಅನ್ನೋ ಭಯಕ್ಕೇ ಅವಳ ಕ್ಲಾಸಿನವರು ಮನೇಲಿ ಏನೂ ಹೇಳಲ್ಲವಂತೆ.

ವಾರಕ್ಕೊಮ್ಮೆ ಮನೆ ಸಭೆ ಅಂತ ಒಂದು ಮಾಡಿ ನೋಡಿದೆವು. ನಮ್ಮಲ್ಲಿ ಅದು ನಡೆಯಲಿಲ್ಲ. ಎರಡೇ ವಾರಕ್ಕೆ ನಾನು ಅದನ್ನು ಆಫೀಸ್ ಮೀಟಿಂಗ್ ಮಾಡಿಬಿಟ್ಟಿದ್ದೆ, ಬಿಟ್ಟೆವು.

ಆರು ತಿಂಗಳಲ್ಲಿ ಒಟ್ಟು 11 ಭೇಟಿ. ಮಗಳು ಅದರಲ್ಲಿ ಐದಕ್ಕೆ ಒಬ್ಬಳೇ ಹೋದಳು, ಅಲ್ಲೇನಾಯಿತು ಅಂತ ನನಗೆ ಗೊತ್ತಿಲ್ಲ, ಕೇಳಿಯೂ ಇಲ್ಲ. ಆ ಐದು ಹುಡುಗಿಯರ ಗುಂಪು ಅವಳನ್ನು ವಾಪಸ್ ಕರೆಯಲಿಲ್ಲ. ಲೈಬ್ರರಿಯಲ್ಲಿ ಇನ್ನೊಬ್ಬಳು ಒಂಟಿಯಾಗಿ ಕೂರುತ್ತಿದ್ದಳಂತೆ, ಈಗ ಇಬ್ಬರೂ ಒಟ್ಟಿಗೆ ಊಟ ಮಾಡುತ್ತಾರೆ. ಮಾರ್ಕ್ಸ್ ಸ್ವಲ್ಪ ಏರಿದೆ, ಗಣಿತ ಮಾತ್ರ ಹಾಗೇ ಇದೆ. ಬಾಗಿಲು ಈಗಲೂ ಮುಚ್ಚಿರುತ್ತೆ. ಚಿಲಕ ಹಾಕಿರಲ್ಲ, ತಟ್ಟಿ ಹೋಗಬೇಕು.

ಹೋದ ವಾರ ನಾನು ಮನೆಗೆ ಬಂದಾಗ ಮಗಳು ತಮ್ಮನ ಮೇಲೆ ಹರಿಹಾಯುತ್ತಿದ್ದಳು. ಬ್ಯಾಗ್ ತೆಗಿ, ಶೂಸ್ ಅಲ್ಲಿಡು, ಹೋಮ್‌ವರ್ಕ್ ಮುಗೀತಾ, ಎಷ್ಟು ಸಲ ಹೇಳೋದು ನಿನಗೆ. ಅವನು ಏನೂ ಮಾತಾಡದೆ ಒಳಗೆ ಹೋದ. ಹಳೇ ಲೆಕ್ಕದ ನೋಟ್‌ಬುಕ್ ಹುಡುಕಿ ತಂದು, ಹಿಂದಿನ ಹಾಳೆ ತೆರೆದು, ಪೆನ್ಸಿಲ್ ಜೊತೆ ಅವಳ ಮುಂದಿಟ್ಟ.

"ಬರಿ" ಅಂದ.